ಸ್ಟೀರಿಂಗ್ ಹಗುರಾಗುವ ಆ ಗಳಿಗೆ

ಮಾರುತಿ 800 ಓಡಿಸಿದವರಿಗೆ ಅದರ ನೆನಪು ತಲೆಗಿಂತ ಕೈಯಲ್ಲಿ ಜಾಸ್ತಿ ಉಳಿದಿರುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಆ ಪುಟ್ಟ ಕಾರನ್ನು ನಿಂತಲ್ಲೇ ತಿರುಗಿಸುವುದೆಂದರೆ ರಾಗಿಮುದ್ದೆ ತೊಳಸಿದಂತೆ. ಭುಜವೇ ಕೆಲಸ ಮಾಡಬೇಕು. ಅದೇ ಕಾರು ಊರು ದಾಟಿ ಐವತ್ತು, ಅರವತ್ತರ ವೇಗಕ್ಕೆ ಬಂದರೆ ಸ್ಟೀರಿಂಗಿಗೆ ಜೀವ ಬರುತ್ತಿತ್ತು. ಡಾಂಬರು ಮುಗಿದು ಜಲ್ಲಿ ಶುರುವಾದದ್ದು, ರಸ್ತೆ ಒಂದು ಪಕ್ಕಕ್ಕೆ ವಾಲಿದ್ದು, ಮುಂದಿನ ಎಡಗಡೆ ಟೈರಿನಲ್ಲಿ ಗಾಳಿ ಇಳಿದದ್ದು, ಎಲ್ಲವೂ ಬೆರಳಿಗೇ ಗೊತ್ತಾಗುತ್ತಿತ್ತು.

ಮಾರುತಿ 800 ಸ್ಪೋರ್ಟ್ಸ್ ಕಾರಲ್ಲ, ಬಿಡಿ. ಆದರೆ ಹಳೆಯ ಸ್ಪೋರ್ಟ್ಸ್ ಕಾರುಗಳ ಹುಚ್ಚು ಹಿಡಿದವರು ಯಾವುದಕ್ಕೆ ಸೋಲುತ್ತಾರೋ ಅದರ ಒಂದು ಚೂರು ಅದರಲ್ಲಿತ್ತು.

ಬರೀ ಅಂಕಿ ನೋಡಿದರೆ ಈ ಹುಚ್ಚಿಗೆ ಅರ್ಥವೇ ಇಲ್ಲ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಹೊರಬಂದ, ಜಪಾನಿನ ಮಾಜ್ದಾ ಕಂಪನಿಯ ಮೊದಲ ಎಂಎಕ್ಸ್-5 ಸ್ಪೋರ್ಟ್ಸ್ ಕಾರಿನ ಎಂಜಿನ್ 1.6 ಲೀಟರಿನದು. ಗಂಟೆಗೆ 100 ಕಿ.ಮೀ. ಮುಟ್ಟಲು ಅದಕ್ಕೆ ಹತ್ತಿರ ಹತ್ತಿರ 9 ಸೆಕೆಂಡು ಬೇಕು. 2020ರ ಪೋರ್ಷೆ 911 ಟರ್ಬೋ ಎಸ್‌ಗೆ 2.7 ಸೆಕೆಂಡು ಸಾಕು. ಮಕ್ಕಳನ್ನು ಶಾಲೆಗೆ ಬಿಡುವ ಎಲೆಕ್ಟ್ರಿಕ್ ಕಾರುಗಳೂ ಪಿಕಪ್‌ನಲ್ಲಿ ಆ ಮಾಜ್ದಾವನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ಹಾಗಿದ್ದರೂ ಹಳೆಯದನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ಅವರದ್ದು ಬರೀ ಹಳೇ ನೆನಪಿನ ಮೋಹ ಎಂದು ತಳ್ಳಿಹಾಕುವುದು ಸುಲಭ. ಮೋಹ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಅಪ್ಪಟ ಭೌತವಿಜ್ಞಾನವೂ ಇದೆ. ಅದು ಶುರುವಾಗುವುದು ಟೈರು ನೆಲ ಮುಟ್ಟುವ ಜಾಗದಲ್ಲಿ.

ಒಂದು ಕಾರಿಗೂ ರಸ್ತೆಗೂ ಇರುವ ಸಂಬಂಧ ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳಷ್ಟೇ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಹೋಗುವ ದಿಕ್ಕಿಗೂ ಕೆಲವು ಡಿಗ್ರಿ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದಿಂದಲೇ ರಬ್ಬರ್ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತವೇ ಕಾರನ್ನು ತಿರುಗಿಸುವ ಬಲ. ನೆಲ ಮುಟ್ಟಿದ ತುಂಡಿನ ಮುಂದಿನ ಅಂಚು ಈಗಷ್ಟೇ ರಸ್ತೆಗೆ ತಾಗಿದೆ, ಇನ್ನೂ ಎಳೆದುಕೊಂಡಿಲ್ಲ. ಹಿಂದಿನ ಅಂಚಿಗೆ ಬರುವಷ್ಟರಲ್ಲಿ ಚೆನ್ನಾಗಿ ಎಳೆದುಕೊಂಡಿರುತ್ತದೆ. ಹೀಗಾಗಿ ಪಕ್ಕದ ಬಲ ಚಕ್ರದ ನಡುವಿಗೆ ಬೀಳುವುದಿಲ್ಲ, ಕೆಲವು ಸೆಂಟಿಮೀಟರ್ ಹಿಂದಕ್ಕೆ ಬೀಳುತ್ತದೆ. ಆ ಅಂತರ ಒಂದು ಸನ್ನೆಗೋಲಿನಂತೆ ಕೆಲಸ ಮಾಡಿ ಚಕ್ರವನ್ನು ಮತ್ತೆ ನೇರಕ್ಕೆ ತಳ್ಳುತ್ತದೆ. ಅಂಗಡಿಯ ತಳ್ಳುಗಾಡಿಯ ಪುಟ್ಟ ಗಾಲಿ ತಾನಾಗಿ ಹಿಂದಕ್ಕೆ ತಿರುಗಿಕೊಳ್ಳುತ್ತದಲ್ಲ, ಹೆಚ್ಚುಕಮ್ಮಿ ಅದೇ ತಂತ್ರ. ತಿರುವಿನಲ್ಲಿ ಸ್ಟೀರಿಂಗ್ ನಿಮ್ಮ ಕೈಯ ವಿರುದ್ಧ ಎಳೆಯುವುದು ಇದರಿಂದ.

ಮಜಾ ಇರುವುದು ಮುಂದೆ. ವೇಗ ಇನ್ನೂ ಏರಿಸಿದರೆ ಹಿಡಿತ ಒಮ್ಮೆಲೇ ಬಿಟ್ಟುಹೋಗುವುದಿಲ್ಲ. ಜಾಸ್ತಿ ಎಳೆದುಕೊಂಡಿರುವ ಹಿಂದಿನ ಅಂಚು ಮೊದಲು ಜಾರಲು ಶುರುವಾಗುತ್ತದೆ. ಆಗ ಬಲ ಬೀಳುವ ಜಾಗ ಮುಂದಕ್ಕೆ ಸರಿಯುತ್ತದೆ, ಸನ್ನೆಗೋಲು ಗಿಡ್ಡವಾಗುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಟೈರಿನಲ್ಲಿ ಇನ್ನೂ ಸ್ವಲ್ಪ ಹಿಡಿತ ಉಳಿದಿರುವಾಗಲೇ ಹೀಗಾಗುತ್ತದೆ ಎಂಬುದು ಮುಖ್ಯ. ಜಾರುವ ಮುಂಚೆಯೇ "ಇನ್ನು ಸಾಕು ಮಾರಾಯ" ಎಂದು ಟೈರು ಹೇಳಿದಂತೆ. ನುರಿತ ಚಾಲಕ ಕಾಯುವುದು ಈ ಗಳಿಗೆಗೇ. ಅವನಿಗೆ ಯಾವ ಪರದೆಯೂ ಬೇಕಿಲ್ಲ.

ಕೈಗೆ ಬಂದ ಸುದ್ದಿಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಬೆಳಕನ್ನು ಕಂಡು ಪ್ರತಿಕ್ರಿಯಿಸುವುದಕ್ಕಿಂತ ಸ್ಪರ್ಶಕ್ಕೆ ನಾವು ಬೇಗ ಪ್ರತಿಕ್ರಿಯಿಸುತ್ತೇವೆ. ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನಷ್ಟು ಇರಬಹುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಕಾರು ಒಂದು ಮೀಟರಿಗಿಂತ ಜಾಸ್ತಿ ದೂರ ಹೋಗಿರುತ್ತದೆ. ಅಂಗೈಯ ಚರ್ಮದೊಳಗೆ ನಡುಕ ಹಿಡಿಯಲೆಂದೇ ಇರುವ ಪುಟ್ಟ ನರತುದಿಗಳಿವೆ. ಅವು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ಸಣ್ಣ ಅದುರನ್ನೂ ಹಿಡಿಯಬಲ್ಲವು. ಇಷ್ಟು ಸೂಕ್ಷ್ಮದ ಉಪಕರಣ ನಮ್ಮ ಕೈಯಲ್ಲೇ ಇದೆ. ಪ್ರಶ್ನೆ ಇಷ್ಟೇ, ಕಾರು ಅದಕ್ಕೆ ಏನನ್ನು ಕಳಿಸುತ್ತದೆ?

ಹಳೆಯ ಎಂಎಕ್ಸ್-5 ಅಥವಾ 1962ರ ಲೋಟಸ್ ಎಲಾನ್‌ನಲ್ಲಿ ಟೈರಿಗೂ ಕೈಗೂ ನಡುವೆ ಇದ್ದದ್ದು ಒಂದು ರ‍್ಯಾಕು, ಒಂದು ಪಿನಿಯನ್ನು (ಅಂದರೆ ಹಲ್ಲು ಕೊರೆದ ಪಟ್ಟಿ, ಅದನ್ನು ತಳ್ಳುವ ಪುಟ್ಟ ಹಲ್ಲುಗಾಲಿ), ಒಂದು ಸರಳು. (ಮೊದಲ ಎಂಎಕ್ಸ್-5ಗಳಲ್ಲಿ ಕೆಲವಕ್ಕೆ ಪವರ್ ಸ್ಟೀರಿಂಗ್ ಇತ್ತು, ಕೆಲವಕ್ಕೆ ಇರಲಿಲ್ಲ. ಇಲ್ಲದ್ದನ್ನೇ ಹುಡುಕಿ ಕೊಳ್ಳುವವರಿದ್ದಾರೆ.) ಬೇರೆ ಕಾರುಗಳಿಗೆ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗ್ ಬಂದಿತ್ತು. ಭಾರ ಕಡಿಮೆಯಾಯಿತು, ಮಾತು ಪೂರ್ತಿ ನಿಲ್ಲಲಿಲ್ಲ. 1988ರಲ್ಲಿ ಸುಜುಕಿಯ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ಎಲೆಕ್ಟ್ರಿಕ್ ಸ್ಟೀರಿಂಗ್ ಶುರುವಾಯಿತು. ಅದು ಹಬ್ಬಿದ್ದಕ್ಕೆ ಒಳ್ಳೆಯ ಕಾರಣಗಳೇ ಇವೆ. ಎಣ್ಣೆಯ ಪಂಪು ಎಂಜಿನ್ ಬೆಲ್ಟಿಗೆ ಕಟ್ಟಿಕೊಂಡು ನೇರ ರಸ್ತೆಯಲ್ಲೂ ಸುಮ್ನೆ ತಿರುಗುತ್ತಿರುತ್ತದೆ. ಮೋಟಾರು ಬೇಕೆಂದಾಗ ಮಾತ್ರ ಕರೆಂಟು ತಿನ್ನುತ್ತದೆ. ಕಾರು ತಾನೇ ಪಾರ್ಕ್ ಆಗುವುದು, ಗೆರೆ ದಾಟದಂತೆ ನೋಡಿಕೊಳ್ಳುವುದು, ಇದಕ್ಕೆಲ್ಲ ಮೋಟಾರು ಬೇಕೇ ಬೇಕು.

ಆದರೆ ಆ ಮೋಟಾರು ಗೇರುಗಳ ಮೂಲಕ ಸ್ಟೀರಿಂಗಿಗೆ ಸೇರಿಕೊಳ್ಳುತ್ತದೆ. ಗೇರಿಂಗ್ 20 ಪಟ್ಟು ಎಂದಿಟ್ಟುಕೊಳ್ಳಿ. ಆಗ ಮೋಟಾರಿನ ಜಡತ್ವ ಆಚೆ ಕಡೆಗೆ 20 ಪಟ್ಟಲ್ಲ, 20 ಗುಣಿಸು 20, ಅಂದರೆ 400 ಪಟ್ಟು ಆಗಿ ಕಾಣಿಸುತ್ತದೆ. ಟೈರಿನಿಂದ ಬರುವ ಸಣ್ಣ, ವೇಗದ ನಡುಕ ಈ ಭಾರದ ಚಕ್ರವನ್ನು ಅಲ್ಲಾಡಿಸಲಾರದು. ದಾರಿಯಲ್ಲೇ ಸತ್ತುಹೋಗುತ್ತದೆ. ಚಾಲಕನ ಕೈ ಸೇರುವುದು ಸೋಸಿದ ತಿಳಿ, ಗಸಿ ಅಲ್ಲ. ಬಸ್ಸಾರಿಗೆ ಗಸಿಯೇ ರುಚಿ, ಅಲ್ವಾ? 2011ರಲ್ಲಿ ಪೋರ್ಷೆ ತನ್ನ 911ಗೆ ಎಲೆಕ್ಟ್ರಿಕ್ ಸ್ಟೀರಿಂಗ್ ಹಾಕಿದಾಗ ಅಭಿಮಾನಿಗಳು ಗಲಾಟೆ ಮಾಡಿದ್ದು ಇದಕ್ಕೇ. ಆಮೇಲೆ ಸಾಫ್ಟ್‌ವೇರ್ ತುಂಬಾ ಸುಧಾರಿಸಿತು. ಈಗಿನವು ಕೆಟ್ಟದಾಗಿವೆ ಎಂದರೆ ಅನ್ಯಾಯವಾದೀತು.

ಸ್ಟೀರಿಂಗ್ ಬಗ್ಗೆ ಇಷ್ಟು ಹೇಳಿ ತೂಕ ಬಿಟ್ಟರೆ ಆಗದು. 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಕಾರಿನ ಹಗುರ ಮಾದರಿ 960 ಕೆಜಿ ತೂಗುತ್ತಿತ್ತು. ಅಗಲ 1,652 ಮಿಲಿಮೀಟರ್. ಈಗಿನ 911 ಕರೆರಾ 1,500 ಕೆಜಿಯ ಹತ್ತಿರ ಇದೆ. ಅಗಲ 1,852. ಸರಿಯಾಗಿ 20 ಸೆಂಟಿಮೀಟರ್ ಉಬ್ಬಿದೆ. ರಸ್ತೆಗಳು ಉಬ್ಬಿಲ್ಲ! ಸಣ್ಣ ಕಾರಾದರೆ ಕಿರಿದಾದ ರಸ್ತೆಯಲ್ಲೂ ನಿಮ್ಮ ಪಾಲಿನ ಜಾಗದೊಳಗೆ ತಿರುವಿಗೆ ಬೇಕಾದ ದಾರಿ ಆರಿಸಿಕೊಳ್ಳಬಹುದು. ದಪ್ಪ ಕಾರಿನಲ್ಲಿ ಗೆರೆಯೊಳಗೆ ಉಳಿದರೆ ಸಾಕಪ್ಪಾ ಎನಿಸುತ್ತದೆ.

ಆ ತೂಕ ಎಲ್ಲಿಂದ ಬಂತು ಎಂದು ಕೇಳಿದರೆ ಹಳೆಯದರ ಪರ ವಾದಿಸುವವರು ತಲೆ ತಗ್ಗಿಸಬೇಕಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಜೀವ ಉಳಿಸುವ ತೂಕ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು ಕಾರುಗಳನ್ನು ಮುಖಾಮುಖಿ ಗುದ್ದಿಸಿತು. ಹಳೆಯದು ನೋಡಲು ಕಬ್ಬಿಣದ ಕೋಟೆ. ಗುದ್ದಿದ ಮೇಲೆ ಅದರ ಚಾಲಕನ ಜಾಗವೇ ಕುಸಿದುಹೋಯಿತು. ಹೊಸದರಲ್ಲಿ ಚಾಲಕನ ಬದಲು ಕೂರಿಸಿದ್ದ ಬೊಂಬೆಗೆ ಕಾಲಿಗೆ ಸಣ್ಣ ಪೆಟ್ಟು. ಹಳೇ ಕಾರು ಗಟ್ಟಿ ಎಂದು ಹಿರಿಯರು ಹೇಳುವಾಗ ನನಗೆ ಆ ವಿಡಿಯೋ ನೆನಪಾಗುತ್ತದೆ.

ಇನ್ನು ಟೈರು. ಮೊದಲ ಎಂಎಕ್ಸ್-5 ಟೈರಿನ ಅಗಲ 185 ಮಿಲಿಮೀಟರ್. ಈಗಿನ 911 ಕರೆರಾ ಎಸ್‌ನ ಹಿಂದಿನ ಟೈರು 305. ಒಂದು ಸಣ್ಣ ಲೆಕ್ಕ ಮಾಡೋಣ. 150 ಮೀಟರ್ ತ್ರಿಜ್ಯದ ತಿರುವು ಇದೆ. ಟೈರು ಕಾರಿನ ತೂಕದ 0.8 ಪಟ್ಟು ಬಲ ಕೊಟ್ಟರೆ ಹಿಡಿತದ ಮಿತಿ ಗಂಟೆಗೆ ಸುಮಾರು 123 ಕಿ.ಮೀ. ಬಲ 1.1 ಪಟ್ಟಾದರೆ ಮಿತಿ 145. ಟೈರು ಮಾತಾಡುವುದು ಮಿತಿಯ ಹತ್ತಿರ ಹೋದಾಗ. ಹೊಸ ಕಾರಿನ ಮಾತು ಕೇಳಬೇಕೆಂದರೆ ಅಷ್ಟು ಜಾಸ್ತಿ ವೇಗದಲ್ಲಿ ಹೋಗಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ಅಂದರೆ ಆ ಕಾರಿನ ಬಹುಪಾಲು ಗುಣ ಮಾಲೀಕನಿಗೇ ಗೊತ್ತಾಗದೆ ಉಳಿಯುತ್ತದೆ. ಮಿತಿ ಹುಡುಕುವ ಕೆಲಸ ರಸ್ತೆಯದ್ದಲ್ಲ, ಟ್ರ್ಯಾಕಿನದ್ದು, ಹಳೇ ಕಾರಾದರೂ ಅಷ್ಟೇ. ಆದರೆ ಹಳೆಯದು, ಮಿತಿ ಇನ್ನೂ ದೂರವಿದ್ದರೂ, ರಸ್ತೆಯ ಬಗ್ಗೆ ನಲವತ್ತು, ಐವತ್ತರಲ್ಲೇ ಹರಟೆ ಶುರುಮಾಡುತ್ತದೆ. ಮಿತಿ ಕಡಿಮೆಯಾದಷ್ಟೂ ಟೈರು ಬೇಗ ಮಾತಾಡುತ್ತದೆ ಎಂದು ಗೊತ್ತಿದ್ದೇ ಟೊಯೋಟಾ 2012ರಲ್ಲಿ ಜಿಟಿ86 ತಂದಾಗ ಅದಕ್ಕೆ ಬೇಕೆಂದೇ 215 ಮಿಲಿಮೀಟರಿನ ಸಾಧಾರಣ ಟೈರು ಹಾಕಿತು. ಸ್ಪೋರ್ಟ್ಸ್ ಕಾರಿಗೆ ಕಡಿಮೆ ಹಿಡಿತ ಕೊಡುವುದು! ಹುಚ್ಚಾಟದಂತೆ ಕಂಡರೂ ಅದರ ಹಿಂದೆ ಲೆಕ್ಕವಿತ್ತು.

ದನಿಯ ಕಥೆಯೂ ಹೀಗೇ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಸೆಕೆಂಡಿಗೆ 200 ಬಾರಿ ಸಿಡಿಯುತ್ತದೆ. ಆರು ಸಿಲಿಂಡರಾದರೆ 300. ಸುತ್ತು ಏರಿದಂತೆ ಶ್ರುತಿಯೂ ಏರುತ್ತದೆ. ಕಿವಿ ಈ ಏರಿಕೆ ಕೇಳಿಯೇ ಗೇರು ಬದಲಿಸುವ ಹೊತ್ತು ತಿಳಿಯುತ್ತದೆ. 1999ರ ಹೋಂಡಾ ಎಸ್2000 ನಿಮಿಷಕ್ಕೆ 9,000 ಸುತ್ತಿನವರೆಗೆ ಹೋಗುತ್ತಿತ್ತು. ಆಗ ಅದರ ಪಿಸ್ಟನ್ 84 ಮಿಲಿಮೀಟರ್ ದಾರಿಯನ್ನು ಸೆಕೆಂಡಿಗೆ 150 ಬಾರಿ ಏರಿ, 150 ಬಾರಿ ಇಳಿಯುತ್ತದೆ. ಸರಾಸರಿ ವೇಗ ಗಂಟೆಗೆ 90 ಕಿ.ಮೀ. ನಿಜವಾದ ಶಕ್ತಿ ಇದ್ದದ್ದು ಆ ತುದಿಯಲ್ಲೇ. ದುಡಿದರೆ ಮಾತ್ರ ಕೂಲಿ. ಹೊಗೆಯ ರಭಸದಿಂದ ಗಾಲಿ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಈಗಿನ ಟರ್ಬೋ ಎಂಜಿನ್‌ಗಳು 2,000 ಸುತ್ತಿನ ಆಸುಪಾಸಿನಲ್ಲೇ ಕೈತುಂಬ ಕೊಟ್ಟುಬಿಡುತ್ತವೆ. ಅಲ್ಲದೆ ಸೈಲೆನ್ಸರಿಗೆ ಹೋಗುವ ಹೊಗೆಯ ಮಿಡಿತವನ್ನು ಟರ್ಬೋದ ಗಾಲಿ ಮೊದಲೇ ಕುಡಿದುಬಿಡುತ್ತದೆ. ದನಿ ಮಂಕಾಗುತ್ತದೆ. ಅದಕ್ಕೇ ಬಿಎಂಡಬ್ಲ್ಯು 2011ರ ಎಂ5 ಒಳಗೆ ಸ್ಪೀಕರುಗಳಿಂದಲೂ ಎಂಜಿನ್ ದನಿ ಕೇಳಿಸಿತು. 2023ರಲ್ಲಿ ಹ್ಯುಂಡೈ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಎಲೆಕ್ಟ್ರಿಕ್ ಐಯಾನಿಕ್ 5 ಎನ್‌ಗೆ ಗೇರುಗಳಿಲ್ಲ, ಆದರೆ ಗೇರು ಬದಲಾದಂತೆ ಕುಲುಕುತ್ತದೆ, ಎಂಜಿನ್ನಿನಂತೆ ಗುಡುಗುತ್ತದೆ. ನಾಟಕ ಎಂದು ನಕ್ಕವರೂ ಓಡಿಸಿ ನೋಡಿ ಮೆಚ್ಚಿದ್ದಾರೆ.

ಹಳೆಯವು ಮಾತಾಡುತ್ತಿದ್ದವು ನಿಜ, ಎಲ್ಲವೂ ಒಳ್ಳೆಯ ಮಾತನ್ನೇ ಆಡುತ್ತಿರಲಿಲ್ಲ. 1975ರ ಪೋರ್ಷೆ 930 ಟರ್ಬೋಗೆ 'ವಿಧವೆ ಮಾಡುವ ಕಾರು' ಎಂಬ ಅಡ್ಡಹೆಸರೇ ಬಿದ್ದಿತ್ತು. ಅದರ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಕುಳಿತಿದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಟೈರಿನ ಮೇಲೆ ಒತ್ತು ಕಡಿಮೆಯಾಗಿ ಹಿಡಿತ ಸಡಿಲುತ್ತದೆ. ಆಗ ಎಂಜಿನ್ನಿನ ತೂಕ ಲೋಲಕದ ಗುಂಡಿನಂತೆ ಹಿಂಭಾಗವನ್ನು ಹೊರಕ್ಕೆ ಎಸೆಯುತ್ತದೆ. ಇದರ ಮೇಲೆ, ತಡವಾಗಿ ಎಚ್ಚರಗೊಳ್ಳುವ ಟರ್ಬೋ ಬೇರೆ. ಇಂಥ ಜಾರುವಿಕೆಯನ್ನು ಗುರುತಿಸಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವ ವ್ಯವಸ್ಥೆ ಕಾರುಗಳಿಗೆ ಬಂದದ್ದು 1995ರಲ್ಲಿ. ಅದು ಎಷ್ಟು ಜನರ ಪ್ರಾಣ ಉಳಿಸಿದೆಯೋ!

ನಮ್ಮ ನೆನಪೂ ಮೋಸ ಮಾಡುತ್ತದೆ. ತುಕ್ಕು ಹಿಡಿದ, ಕೈಕೊಟ್ಟ, ಯಾರಿಗೂ ಬೇಡವಾದ ಹಳೇ ಸ್ಪೋರ್ಟ್ಸ್ ಕಾರುಗಳು ಯಾವಾಗಲೋ ಗುಜರಿಗೆ ಹೋದವು. ಉಳಿದದ್ದು ಮುದ್ದು ಮಾಡಿಸಿಕೊಂಡ ಒಳ್ಳೆಯವು. ಅವನ್ನು ನೋಡಿ ಆ ಕಾಲದ ಕಾರುಗಳೇ ಹಾಗೆ ಎನ್ನುತ್ತೇವೆ. ಹೊಸದೆಲ್ಲ ಹಾಳು ಎನ್ನಲೂ ಬಾರದು. ಮಾಜ್ದಾ 2015ರಲ್ಲಿ ತಂದ ನಾಲ್ಕನೇ ತಲೆಮಾರಿನ ಎಂಎಕ್ಸ್-5 ಈಗಲೂ ಹೆಚ್ಚುಕಮ್ಮಿ 1,000 ಕೆಜಿಯೇ ಇದೆ. ಏರ್‌ಬ್ಯಾಗ್, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡುವ ಎಬಿಎಸ್ ಎಲ್ಲ ಸೇರಿಸಿಯೂ 1989ರ ಕಾರಿಗಿಂತ ಸ್ವಲ್ಪವೇ ಭಾರ. 2016ರಲ್ಲಿ ಹತ್ತು ಲಕ್ಷನೆಯ ಎಂಎಕ್ಸ್-5 ಕಾರ್ಖಾನೆಯಿಂದ ಹೊರಬಂತು. ನಮ್ಮ ದೇಶದಲ್ಲಿ ಮಾಜ್ದಾ ಅಂಗಡಿ ಇಲ್ಲದ್ದು ನಮ್ಮ ನಷ್ಟ.

ಮೆಕ್‌ಲಾರೆನ್ ಎಫ್1 ಎಂಬ ಸ್ಪೋರ್ಟ್ಸ್ ಕಾರಿನ ವಿನ್ಯಾಸ ಮಾಡಿದ ಗಾರ್ಡನ್ ಮರ‍್ರೆ 2020ರಲ್ಲಿ ಟಿ.50 ಎಂಬ ಕಾರು ತೋರಿಸಿದರು. ತೂಕ ಸಾವಿರ ಕೆಜಿಯೊಳಗೆ. ಟರ್ಬೋ ಇಲ್ಲದ ಹನ್ನೆರಡು ಸಿಲಿಂಡರು, ನಿಮಿಷಕ್ಕೆ 12,100 ಸುತ್ತು, ಮೂರು ಪೆಡಲು, ಕೈಯಲ್ಲಿ ಹಾಕುವ ಗೇರು. ಸ್ಟೀರಿಂಗಿಗೆ ಪಾರ್ಕಿಂಗ್ ಮಾಡುವ ವೇಗದಲ್ಲಿ ಮಾತ್ರ ಮೋಟಾರಿನ ನೆರವು. ಅದು ದಾಟಿದರೆ ನೀವುಂಟು, ಟೈರುಂಟು. ಬೆಲೆ, ತೆರಿಗೆ ಬಿಟ್ಟು, 23 ಲಕ್ಷ ಪೌಂಡಿಗಿಂತ ಜಾಸ್ತಿ. ರಸ್ತೆಗೆಂದು ನಿಗದಿಯಾದದ್ದು ನೂರೇ ಕಾರು, ಅಷ್ಟಕ್ಕೂ ಗಿರಾಕಿಗಳು ಸಿಕ್ಕರು. ಮಾರುತಿ 800ರಲ್ಲಿ ಆ ಸ್ಟೀರಿಂಗ್ ಪುಕ್ಕಟೆ ಬರುತ್ತಿತ್ತು, ಪಾರ್ಕಿಂಗ್ ಮಾಡುವಾಗಿನ ಮೋಟಾರೊಂದನ್ನು ಬಿಟ್ಟು.