ಉದುರಿದ ಕೂದಲೋ, ತುಂಡಾದ ಕೂದಲೋ? ಬಿಳಿ ಗುಂಡಿನ ಲೆಕ್ಕ

ಬ್ಯೂಟಿಷಿಯನ್ ಕೋರ್ಸ್‌ನಲ್ಲಿ ಈ ವಾರ ಕೂದಲಿನ ಪಾಠ ಮುಗಿಯಿತು. ಬಾಚಣಿಗೆಗೆ ಸಿಕ್ಕ ಕೂದಲು ನೆತ್ತಿಯಿಂದಲೇ ಉದುರಿದ್ದೋ, ನಡುವೆ ತುಂಡಾಗಿದ್ದೋ? ಉತ್ತರ ಒಂದೇ ಸಾಲಿನದು. ಉದುರಿದ ಕೂದಲಿನ ಒಂದು ಕೊನೆಯಲ್ಲಿ ಚಿಕ್ಕ ಬಿಳಿ ಗುಂಡು ಇರುತ್ತದೆ, ತುಂಡಾದದ್ದಕ್ಕೆ ಇರುವುದಿಲ್ಲ. ಆದರೆ ಆ ಗುಂಡು ಏನು ಅನ್ನುವುದರಲ್ಲಿ ನಾನು ಪೂರ್ತಿ ತಪ್ಪು ತಿಳಿದಿದ್ದೆ. ಅದಕ್ಕೇ ಅದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಬಿಳಿ ಗುಂಡು ಬೇರಲ್ಲ

ಹೋದ ವರ್ಷ ಜುಲೈನಲ್ಲಿ ಚಿಕ್ಕಮ್ಮನಿಗೆ ಡೆಂಗ್ಯೂ ಬಂದಿತ್ತು. ಅಕ್ಟೋಬರ್ ಹೊತ್ತಿಗೆ ತಲೆ ಬಾಚಿದರೆ ಕೈತುಂಬ ಕೂದಲು. ನಾನು ಒಂದು ಎಳೆ ಎತ್ತಿ ನೋಡಿ, "ಚಿಕ್ಕಮ್ಮ, ಬುಡ ಸಮೇತ ಬಂದಿದೆ" ಅಂದೆ. ಬುಡವೇ ಹೋದ ಮೇಲೆ ಇನ್ನೆಲ್ಲಿ ಬೆಳೆಯುತ್ತೆ ಅಂತ ಅವರು ಅವತ್ತು ಅತ್ತುಬಿಟ್ಟರು. ನನ್ನ ಮಾತು ತಪ್ಪಾಗಿತ್ತು ಅಂತ ಗೊತ್ತಾಗಿದ್ದು ಈಗ.

'ಬುಡ' ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಗಿಡವನ್ನು ಬುಡ ಸಮೇತ ಕಿತ್ತರೆ ಅಲ್ಲಿಗೆ ಮುಗಿಯಿತು. ಕೂದಲು ಹಾಗಲ್ಲ. ತೆಂಗಿನ ಗರಿಯನ್ನು ನೆನಪಿಸಿಕೊಳ್ಳಿ. ಹಣ್ಣಾಗಿ ಒಣಗಿದ ಗರಿ ತಾನಾಗಿಯೇ ಕಳಚಿ ಬೀಳುತ್ತದೆ. ಬೀಳುವಾಗ ಅದರ ದಪ್ಪ ಮಟ್ಟೆಯೂ ಜೊತೆಗೇ ಬರುತ್ತದೆ. ಮಟ್ಟೆ ಬಿತ್ತು ಅಂತ ಮರ ಸತ್ತಿತು ಅನ್ನುತ್ತೇವಾ? ಬಿಳಿ ಗುಂಡು ಆ ಮಟ್ಟೆಯ ಹಾಗೆ. ಗಾಳಿಗೆ ಗರಿ ನಡುವೆ ಮುರಿದು ನೇತಾಡುತ್ತದಲ್ಲ, ಅದು ತುಂಡಾಗುವುದು. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ತೆಂಗಿನಲ್ಲಿ ಹೊಸ ಗರಿ ಮೇಲೆ ಸುಳಿಯಲ್ಲಿ ಬರುತ್ತದೆ. ತಲೆಯಲ್ಲಿ ಹೊಸ ಕೂದಲು ಅದೇ ಗುಳಿಯಿಂದ ಬರುತ್ತದೆ.

ಒಳಗೆ ನಡೆಯುವುದು ಹೀಗೆ. ಪ್ರತಿ ಕೂದಲೂ ಫಾಲಿಕಲ್ ಎಂಬ ಗುಳಿಯಲ್ಲಿ ಕೂತಿರುತ್ತದೆ. ಗುಳಿಯ ತಳದಲ್ಲಿ ಪ್ಯಾಪಿಲ್ಲಾ ಇರುತ್ತದೆ. ಕೂದಲು ಬೆಳೆಯಲು ಸೂಚನೆ ಕೊಡುವುದು ಅದೇ. ಬೆಳೆಯುವ ಹಂತ ಅನಾಜೆನ್, 2ರಿಂದ 6 ವರ್ಷ. ಆಮೇಲೆ ಕ್ಯಾಟಜೆನ್, ಎರಡು ಮೂರು ವಾರ. ಆಗ ಗುಳಿಯ ಕೆಳಭಾಗ ಕುಗ್ಗುತ್ತದೆ, ಬಣ್ಣ ತಯಾರಾಗುವುದು ನಿಲ್ಲುತ್ತದೆ, ಕೂದಲಿನ ಕೊನೆ ಗಟ್ಟಿಯಾಗಿ ಪುಟ್ಟ ಗದೆಯ ಆಕಾರಕ್ಕೆ ಬರುತ್ತದೆ. ಗುಂಡು ಬೆಳ್ಳಗಿರುವುದು ಬಣ್ಣ ನಿಂತದ್ದಕ್ಕೆ. ಕೊನೆಯದು ಟೆಲೊಜೆನ್, ಸುಮಾರು ಮೂರು ತಿಂಗಳ ವಿಶ್ರಾಂತಿ. ಅದು ಮುಗಿದ ಮೇಲೆ ಆ ಕೂದಲು ಕಳಚುತ್ತದೆ. ಪ್ಯಾಪಿಲ್ಲಾ ನೆತ್ತಿಯೊಳಗೇ ಉಳಿಯುತ್ತದೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಈ ಒಂದು ವಾಕ್ಯಕ್ಕಾಗಿ.

ಕೂದಲಿನ ಕೊನೆ ಕಪ್ಪಗೆ, ಮೆತ್ತಗೆ, ಅಂಟಂಟಾದ ಪೊರೆಯ ಜೊತೆ ಬಂದರೆ ಅದು ಬೇರೆ ಮಾತು. ಬೆಳೆಯುತ್ತಿದ್ದ ಕೂದಲನ್ನು ಎಳೆದು ಕಿತ್ತಾಗ ಹಾಗೆ ಬರುತ್ತದೆ, ನೋವೂ ಆಗುತ್ತದೆ. ಒಮ್ಮೆ ಕಿತ್ತರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಗಿ ಜಡೆ, ಬಿಗಿ ತುರುಬು ಹಾಕಿ ಒಂದೇ ಕಡೆ ಎಳೆದರೆ ಮಾತ್ರ ಗುಳಿಯೇ ಹಾಳಾಗಬಹುದು. ಹಣೆಯ ಅಂಚು, ಕಿವಿಯ ಮೇಲಿನ ಜಾಗ ಮೊದಲು ತೆಳುವಾಗುವುದು ಅದಕ್ಕೇ.

ಪ್ರಾಕ್ಟಿಕಲ್‌ನಲ್ಲಿ ಒಂದು ನೆನಪಿಡಿ. ಕೂದಲು ಕಾಣಲಿ ಅಂತ ನಾವೆಲ್ಲ ಬಿಳಿ ಟವೆಲ್ ಹಾಸುತ್ತೇವೆ. ಬಿಳಿ ಟವೆಲ್ ಮೇಲೆ ಬಿಳಿ ಗುಂಡು ಕಾಣುವುದೇ ಇಲ್ಲ! ಎಣಿಸಲು ಬಿಳಿ ಬಟ್ಟೆ, ಗುಂಡು ನೋಡಲು ಕಪ್ಪು ಬಟ್ಟೆ.

ದಿನಕ್ಕೆ ನೂರು ಎಲ್ಲಿಂದ ಬಂತು

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಬಾಯಿಪಾಠ ಮಾಡಬೇಡಿ, ಲೆಕ್ಕ ಹಾಕಿದರೆ ಮರೆಯುವುದಿಲ್ಲ. ತಲೆಯಲ್ಲಿ ಸುಮಾರು 1,00,000 ಕೂದಲು. ನೂರಕ್ಕೆ ಹತ್ತರಷ್ಟು ವಿಶ್ರಾಂತಿಯಲ್ಲಿವೆ ಅಂದುಕೊಳ್ಳಿ, ಅಂದರೆ 10,000. ಅವು ಸುಮಾರು 100 ದಿನದಲ್ಲಿ ಉದುರಬೇಕು. 10,000 ಭಾಗಿಸು 100, ದಿನಕ್ಕೆ 100. ನನಗೆ ಈ ಲೆಕ್ಕ ತುಂಬಾ ಇಷ್ಟವಾಯಿತು.

ಇದರಿಂದಲೇ ಇನ್ನೂ ಎರಡು ವಿಷಯ ತಿಳಿಯುತ್ತವೆ. ಒಂದು, ಮೂರು ದಿನಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಮೂರು ದಿನದ ಕೂದಲು ಒಟ್ಟಿಗೇ ಬರುತ್ತದೆ. ಮೂರರಿಂದ ಭಾಗಿಸಿ. ಎರಡು, ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇವುಗಳಿಂದ ಮೈಗೆ ಪೆಟ್ಟು ಬಿದ್ದಾಗ ತುಂಬಾ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಹತ್ತರ ಜಾಗದಲ್ಲಿ ಮೂವತ್ತು ಹಾಕಿ ನೋಡಿ, ದಿನಕ್ಕೆ 300! ಆದರೆ ಉದುರುವುದು ವಿಶ್ರಾಂತಿ ಮುಗಿದ ಮೇಲೆ, ಅಂದರೆ ಎರಡು ಮೂರು ತಿಂಗಳು ತಡವಾಗಿ. ಆ ಹೊತ್ತಿಗೆ ಜ್ವರ ಮರೆತುಹೋಗಿರುತ್ತದೆ. ಪಾಪ, ಹೊಸದಾಗಿ ತಂದ ಶಾಂಪೂ ಬೈಸಿಕೊಳ್ಳುತ್ತದೆ. ಮಗು ಮುಖ ನೋಡಿ ನಗಲು ಶುರು ಮಾಡಿದಾಗ ಬಾಣಂತಿ ಕೂದಲು ಉದುರುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಗು ಕಾರಣವಲ್ಲ, ತಿಂಗಳ ಲೆಕ್ಕ ಮಾತ್ರ ಸರಿಯಾಗಿದೆ.

ಕಸ್ಟಮರ್ ಹತ್ತಿರ "ಈ ವಾರ ಏನು ಬದಲಾಯಿಸಿದಿರಿ" ಅಂತ ಕೇಳುವುದಕ್ಕಿಂತ "ಮೂರು ತಿಂಗಳ ಹಿಂದೆ ಹುಷಾರಿರಲಿಲ್ವಾ" ಅಂತ ಕೇಳಿ.

ಗಿಡ್ಡ ಕೂದಲಿದ್ದರೆ ತುದಿ ನೋಡಿ

ಬೈತಲೆಯ ಪಕ್ಕ ಗಿಡ್ಡ ಗಿಡ್ಡ ಕೂದಲು ಎದ್ದು ನಿಂತಿದ್ದರೆ ತುಂಡಾಗಿದೆ ಅಂತ ತಕ್ಷಣ ಹೇಳಿಬಿಡುತ್ತೇವೆ, ಅಲ್ವಾ? ಹೊಸದಾಗಿ ಹುಟ್ಟಿದ್ದೂ ಇರಬಹುದು. ಹೊಸ ಕೂದಲಿನ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ. ತುಂಡಾದದ್ದರ ತುದಿ ಮೊಂಡಾಗಿರುತ್ತದೆ, ಇಲ್ಲವೇ ಸೀಳಿರುತ್ತದೆ. ಹೋದ ಭಾನುವಾರ ಚಿಕ್ಕಮ್ಮನ ಬೈತಲೆ ನೋಡಿದೆ. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಕೂದಲು ತುಂಬಾ ಇವೆ, ಎಲ್ಲದರ ತುದಿಯೂ ಚೂಪು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ಇವು ಅಕ್ಟೋಬರ್ ಆಸುಪಾಸಿನವು. ಆದರೆ ಜಡೆಯ ಕೆಳಭಾಗ ದಪ್ಪವಾಗಲು ವರ್ಷಗಳೇ ಬೇಕು. ಅದನ್ನೂ ಅವರಿಗೆ ಹೇಳಿದೆ.

ತುಂಡಾಗುವುದು

ಇದು ನನಗೆ ಬೇಗ ಅರ್ಥವಾಯಿತು, ಚಿಕ್ಕದಾಗಿ ಬರೆಯುತ್ತೇನೆ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವ ಇಲ್ಲ. ಸವೆದದ್ದು ತಾನಾಗಿ ಸರಿಹೋಗುವುದಿಲ್ಲ. 60 ಸೆಂಟಿಮೀಟರ್ ಜಡೆಯ ತುದಿಗೆ ಐದು ವರ್ಷ ವಯಸ್ಸು. ಬ್ಲೀಚ್, ಸ್ಟ್ರೇಟ್ನಿಂಗ್, ಬಿಸಿ ಐರನ್, ಬಿಗಿ ರಬ್ಬರ್ ಬ್ಯಾಂಡ್, ಒದ್ದೆ ಕೂದಲಿನ ಸಿಕ್ಕನ್ನು ಎಳೆದಾಡಿ ಬಿಡಿಸುವುದು, ಇವೆಲ್ಲ ಮೇಲಿನ ಕ್ಯೂಟಿಕಲ್ ಪದರವನ್ನು ಒಡೆಯುತ್ತವೆ. ಸೀಳಿದ ತುದಿಯನ್ನು ಕತ್ತರಿಸಬೇಕು, ಕಂಡಿಷನರ್ ಹಾಕಬೇಕು. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಪ್ರೊಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಇಲ್ಲಿ ಅದರಿಂದ ಉಪಯೋಗ ಇದೆ. ಆದರೆ ರಕ್ತ ಕಡಿಮೆಯಾಗಿ ಅಥವಾ ಥೈರಾಯ್ಡ್‌ನಿಂದ ಉದುರುತ್ತಿದ್ದರೆ ಎಷ್ಟು ಎಣ್ಣೆ ತಿಕ್ಕಿದರೂ ನಿಲ್ಲುವುದಿಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು.

ಕೂದಲಿನ ಉದ್ದಕ್ಕೂ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಸೀರು ಅಂತ ಅಂದುಕೊಳ್ಳಬೇಡಿ. ಕೂದಲು ಮುರಿಯಲು ಶುರುವಾದ ಗಂಟೂ ಹಾಗೇ ಕಾಣುತ್ತದೆ. ಅಲ್ಲಿ ಮೆಲ್ಲಗೆ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ.

ಎರಡೂ ಬೆರೆತಾಗ

ಅಲೋಪೇಶಿಯಾ ಏರಿಯೇಟಾದಲ್ಲಿ ನಾಣ್ಯದಗಲ ನುಣ್ಣಗೆ ಕೂದಲು ಹೋಗುತ್ತದೆ. ಅದರ ಅಂಚಿನಲ್ಲಿ ಗಿಡ್ಡ ಕೂದಲು ಇರುತ್ತವೆ, ಮೇಲೆ ದಪ್ಪ, ಬುಡದ ಕಡೆ ಸಣ್ಣ, ಆಶ್ಚರ್ಯಸೂಚಕ ಚಿಹ್ನೆಯ ಹಾಗೆ. ನೋಡಲು ತುಂಡಾದ ಹಾಗಿದ್ದರೂ ತೊಂದರೆ ಗುಳಿಯಲ್ಲೇ ಇದೆ. ಮಕ್ಕಳ ತಲೆಯಲ್ಲಿ ಹುಳುಕಡ್ಡಿ ಆದಾಗಲೂ ಕೂದಲು ನೆತ್ತಿಯ ಹತ್ತಿರವೇ ಮುರಿದು ಕಪ್ಪು ಚುಕ್ಕೆಯ ಹಾಗೆ ಉಳಿಯುತ್ತದೆ, ಜೊತೆಗೆ ಹೊಟ್ಟು, ತುರಿಕೆ. ಇಂಥದ್ದು ಕಂಡರೆ ನಾವು ಎಣ್ಣೆ, ಸ್ಪಾ ಅಂತ ಶುರು ಮಾಡಬಾರದು. ಚರ್ಮದ ಡಾಕ್ಟರ್ ಹತ್ತಿರ ಕಳುಹಿಸಬೇಕು. ಹುಳುಕಡ್ಡಿ ಹರಡುತ್ತದೆ, ಆ ಬಾಚಣಿಗೆ, ಟವೆಲ್ ಎರಡನ್ನೂ ತಕ್ಷಣ ಬೇರೆ ಇಡಿ.