ಸವಕಲು ಪದಗಳ ಪಟ್ಟಿ ಕೊಡಿ ಅನ್ನುವವರಿಗೆ

ಪ್ರಶ್ನೆ: ಬಳಸಿ ಬಳಸಿ ಸವೆದುಹೋದ ಪದಗಳ ಒಂದು ಪಟ್ಟಿ ಕೊಡಿ ಮೇಡಂ. ಅವನ್ನು ಬಿಟ್ಟು ಬರೆಯುತ್ತೇನೆ.

ಉತ್ತರ: ಮತ್ತೆ ಇದೇ ಪ್ರಶ್ನೆ! ಕೇಳುವವರ ಊರು ಒಮ್ಮೆ ನಂಜನಗೂಡು, ಒಮ್ಮೆ ಮದ್ದೂರು. ಪಟ್ಟಿಯ ಆಸೆ ಮಾತ್ರ ಒಂದೇ. ಪಟ್ಟಿಗೇನು ಬರ? ‘ತುಂಬಲಾರದ ನಷ್ಟ’, ‘ಹರಿದುಬಂದ ಜನಸಾಗರ’, ‘ಕಣ್ಮನ ಸೆಳೆದ ನೃತ್ಯ’, ‘ಮುಗಿಲು ಮುಟ್ಟಿದ ಆಕ್ರಂದನ’. ಉಳಿದದ್ದನ್ನು ನೀವೇ ಬರೆದುಕೊಳ್ಳಬಲ್ಲಿರಿ. ಕೊಟ್ಟರೆ ಆಗುವುದಿಷ್ಟೇ: ‘ಜನಸಾಗರ’ ಹೊಡೆದುಹಾಕಿ ಆ ಜಾಗಕ್ಕೆ ‘ಜನಸ್ತೋಮ’ ತುರುಕಿ, ಸರಿಹೋಯಿತಾ ಅಂತ ಕೇಳುತ್ತೀರಿ.

ಹೆಚ್ಚು ಬಳಸಿದರೆ ಪದ ಸವೆಯುತ್ತದೆ ಅನ್ನುವ ನಂಬಿಕೆಯೇ ಇದಕ್ಕೆಲ್ಲ ಮೂಲ. ಕೈಯಿಂದ ಕೈಗೆ ಹೋಗಿ ನಾಣ್ಯ ನುಣ್ಣಗಾದ ಹಾಗೆ ಮಾತೂ ನುಣ್ಣಗಾಗುತ್ತದೆ ಅಂತ ಎಷ್ಟು ಜನ ನಂಬಿದ್ದಾರೋ. ಹಾಗಿದ್ದಿದ್ದರೆ ‘ಊಟ ಆಯ್ತಾ’ ಯಾವಾಗಲೋ ಸತ್ತುಹೋಗಬೇಕಿತ್ತು. ‘ನೀರು’, ‘ಅವ್ವ’, ‘ಬಾ’ ಇವೂ ಅಷ್ಟೇ.

ಮಂಡ್ಯದವರಿಗೆ ಇನ್ನೂ ಹತ್ತಿರದ್ದೊಂದು ಹೇಳುತ್ತೇನೆ. ಮುಂಗಾರು ಹಿಡಿದು ಕೊಡಗಿನಲ್ಲಿ ಮಳೆ ಜೋರಾದರೆ ಟೀ ಅಂಗಡಿಯಲ್ಲಿ ಒಂದೇ ಮಾತು. ‘ಎಷ್ಟಾಯ್ತಂತೆ?’ ‘ನೂರಿಪ್ಪತ್ತು ದಾಟ್ತಂತೆ ಕಣಣ್ಣ.’ ಅಡಿ ಅಂತಲೂ ಹೇಳುವುದಿಲ್ಲ, ಅಣೆಕಟ್ಟೆ ಅಂತಲೂ ಹೇಳುವುದಿಲ್ಲ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ, ಗರಿಷ್ಠ ಮಟ್ಟ 124.80 ಅಡಿ, ಆ ಸಂಖ್ಯೆಯನ್ನು ಈ ಸೀಮೆ ಪ್ರತಿ ಮಳೆಗಾಲದಲ್ಲೂ ಜಪಿಸುತ್ತದೆ. ಅದು ಹಳಸಿದೆಯೇ? ಇಲ್ಲ. ಒಟ್ಲು, ಅಂದರೆ ಭತ್ತದ ಸಸಿಮಡಿ, ಬಿಡಬೇಕೋ ಬೇಡವೋ ಅನ್ನುವುದು ಅದರ ಮೇಲೆ ನಿಂತಿರುವಾಗ ಹೇಗೆ ಹಳಸೀತು?

ಈಗ ಕಟ್ಟೆ ತುಂಬಿದ ಮರುದಿನ ಪತ್ರಿಕೆಯಲ್ಲಿ ಆ ಸಂಖ್ಯೆಯ ಕೆಳಗೇ ಅಚ್ಚಾಗುವ ಸಾಲು ನೋಡಿ: ‘ರೈತರ ಮೊಗದಲ್ಲಿ ಮಂದಹಾಸ’. ಯಾವ ರೈತ? ವಿಶ್ವೇಶ್ವರಯ್ಯ ನಾಲೆಯ ಬುಡದಲ್ಲಿ ಗದ್ದೆ ಇರುವವನೋ, ಕಟ್ಟು ನೀರಿನ ಸರದಿ ಕಾಯುತ್ತಾ ಕೊನೆ ಭಾಗದಲ್ಲಿ ಕೂತವನೋ? ಇಬ್ಬರ ಮುಖವೂ ಒಂದೇ ಥರ ಇರುವುದಿಲ್ಲ. ಬರೆದವರು ಯಾರ ಮುಖವನ್ನೂ ನೋಡಲಿಲ್ಲ, ಹೋದ ಸಲದ ಸಾಲನ್ನು ಎತ್ತಿಟ್ಟರು. ಸಂಖ್ಯೆ, ಮಂದಹಾಸ ಎರಡೂ ಕಟ್ಟೆ ತುಂಬಿದಾಗಲೆಲ್ಲ ಬರುತ್ತವೆ. ಸಂಖ್ಯೆಯನ್ನು ಮಾತ್ರ ಯಾರೋ ಹೋಗಿ ನೋಡಿ ಬರೆದಿರುತ್ತಾರೆ.

ಮೈಸೂರಿನವರು ನಗಬೇಡಿ, ನಿಮ್ಮ ಸರದಿ. ‘ವಿಶ್ವವಿಖ್ಯಾತ’ ಇಲ್ಲದೆ ದಸರಾ ಅನ್ನುವ ಪದ ಹೊರಗೆ ಬಂದದ್ದನ್ನು ಕಂಡಿದ್ದೀರಾ? ಅದನ್ನು ಕಿತ್ತುಹಾಕಿ ಓದಿ, ದಸರಾಕ್ಕೆ ಏನೂ ಕಡಿಮೆಯಾಗುವುದಿಲ್ಲ. ಅಷ್ಟೇ ಸಲ ಬಳಸಿದ ‘ಜಂಬೂಸವಾರಿ’ಯನ್ನು ಕಿತ್ತು ನೋಡಿ, ಮೆರವಣಿಗೆಯೇ ನಿಂತುಹೋಗುತ್ತದೆ. ಆನೆ ‘ರಾಜಗಾಂಭೀರ್ಯದಿಂದ ಹೆಜ್ಜೆ ಹಾಕಿತು’ ಅನ್ನುವುದೂ ಹೀಗೇ. ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು 750 ಕೆಜಿ ಅಂಬಾರಿ ಹೊರುವ ಪ್ರಾಣಿಗೆ ಮೊದಲು ಮರಳು ಮೂಟೆ ಹೊರಿಸುತ್ತಾರೆ, ಆಮೇಲೆ ಮರದ ಅಂಬಾರಿ. ಬೆನ್ನಿಗೆ ನಮ್ದಾ ಅನ್ನುವ ಮೆತ್ತೆ, ಅದರ ಮೇಲೆ ಗಾದಿ, ಬಿಗಿಯಲು ಹಗ್ಗ. ಇದರಲ್ಲಿ ಒಂದನ್ನಾದರೂ ಹತ್ತಿರದಿಂದ ನೋಡಿ ಬರೆದವರಿಗೆ ಗಾಂಭೀರ್ಯದ ಸಾಲ ಬೇಕಾಗುವುದಿಲ್ಲ.

ಹಾಗಾದರೆ ‘ಮಳೆ ಕೈಕೊಟ್ಟಿತು’ ಕೂಡ ಸವಕಲಲ್ಲವೇ ಅಂತ ಜಾಣರು ಕೇಳುತ್ತಾರೆ. ಅಲ್ಲ. ಒಂದು ಕಾಲದಲ್ಲಿ ಅದೂ ಅಲಂಕಾರವೇ ಇರಬೇಕು. ಈಗ ಅಲ್ಲಿ ಯಾರಿಗೂ ಕೈ ಕಾಣುವುದಿಲ್ಲ. ‘ಹೊಟ್ಟೆಕಿಚ್ಚು’ ಅಂದರೆ ಯಾರೂ ನೀರು ತರಲು ಓಡುವುದಿಲ್ಲ. ಮೆರೆಯುವ ಆಸೆ ಬಿಟ್ಟ ಅಲಂಕಾರ ಸಾದಾ ಪದವಾಗಿ ದುಡಿಯುತ್ತದೆ. ತೊಂದರೆ ಕೊಡುವವು ಹೊಸ ಅಲಂಕಾರವೂ ಅಲ್ಲದೆ, ಸಾದಾ ಪದವೂ ಆಗದೆ ನಡುವೆ ಸಿಕ್ಕಿಕೊಂಡವು. ಇನ್ನೂ ಝರಿ ಪೇಟ ಸುತ್ತಿಕೊಂಡೇ ಬರುತ್ತವೆ, ಬಂದು ಏನೂ ಹೇಳುವುದಿಲ್ಲ.

ಇಂಥ ಸವಕಲು ಮಾತಿಗೆ ಈಗ ಹೇಳುವ ‘ಕ್ಲೀಷೆ’ ಅನ್ನುವುದು ಫ್ರೆಂಚ್ ಮುದ್ರಕರ ಮಾತು. ಅಚ್ಚಿನ ಮೊಳೆ ಜೋಡಿಸಿದ ಪುಟವನ್ನು ಮತ್ತೆ ಮತ್ತೆ ಅಚ್ಚುಹಾಕಲು ಲೋಹದಲ್ಲಿ ಇಡಿಯಾಗಿ ಎರಕ ಹೊಯ್ದ ಫಲಕಕ್ಕೆ ಆ ಹೆಸರು. ಮುದ್ರಕರಿಗೆ ಅದು ಬೈಗುಳವಲ್ಲ, ಅನುಕೂಲ. ಎರಡನೇ ಸಲ ಮೊಳೆ ಮುಟ್ಟಬೇಕಾಗಿರಲಿಲ್ಲವಲ್ಲ.

ಯಾರೂ ಕೇಳದಿದ್ದರೂ ಲಗ್ನಪತ್ರಿಕೆಯ ಮಾತನ್ನೂ ಆಡಿಬಿಡುತ್ತೇನೆ, ಯಾಕೆಂದರೆ ನನ್ನ ಪಾಠ ಕೇಳಿದ ಹುಡುಗರು ಮೊದಲು ಕತ್ತರಿ ಹಾಕುವುದು ಮನೆಯ ಪತ್ರಿಕೆಗೇ. ‘ಆಶೀರ್ವಾದವೇ ಉಡುಗೊರೆ’, ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಇವನ್ನು ಮುಟ್ಟಬೇಡಿ. ಅಲ್ಲಿ ಯಾರೂ ಹೊಸತನ ಹುಡುಕುವುದಿಲ್ಲ. ಮಕ್ಕಳು ಅವರವರ ಹೆಸರು ಹುಡುಕುತ್ತಾರೆ, ಒಂದು ಬಿಟ್ಟುಹೋದರೂ ಅತ್ತೆ ಮನೆಯವರು ಆರು ತಿಂಗಳು ಮಾತು ಬಿಡುತ್ತಾರೆ. ಶ್ರದ್ಧಾಂಜಲಿಯ ಫ್ಲೆಕ್ಸಿಗೂ ಇದೇ ನ್ಯಾಯ. ದುಃಖದಲ್ಲಿರುವವರ ಮುಂದೆ ಶೈಲಿಯ ಪಾಠ ಬೇಡ. ತಿದ್ದುವ ಕೈ ಸುಮ್ಮನಿರಲಾರೆ ಅಂದರೆ ಮುಹೂರ್ತದ ಗಂಟೆ, ಛತ್ರದ ವಿಳಾಸ ಇನ್ನೊಮ್ಮೆ ನೋಡಿ. ಬೀಗರ ಔತಣದ ದಿನಾಂಕವನ್ನಂತೂ ಎರಡು ಸಲ ನೋಡಿ; ನಮ್ಮ ಕಡೆ ಪತ್ರಿಕೆ ಕೈಗೆ ಬಂದ ತಕ್ಷಣ ಜನ ಹುಡುಕುವುದು ಅದನ್ನೇ.