ಬಸ್ಸಿನಲ್ಲಿ ಬಂದ ಲಿನಕ್ಸ್

ಹೊಸನಗರದ ಆಚೆಗಿನ ಒಂದು ಊರಿನಿಂದ ಪರಿಚಯದ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತುಹೋಯಿತಲ್ಲ, ಅವರ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಿಡಿಸುವುದಿಲ್ಲ. ಯಂತ್ರವೇನೋ ಗಟ್ಟಿಮುಟ್ಟಾಗಿದೆ. "ಎರಡು ರಾತ್ರಿ ಕೂತು ಡೆಬಿಯನ್ ಇಳಿಸಿಕೊಂಡೆ. ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಬೂಟೇ ಆಗ್ತಿಲ್ಲ" ಅಂದರು. ಡೆಬಿಯನ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನ ಒಂದು ಬಗೆ. ಬೂಟ್ ಆಗುವುದು ಅಂದರೆ ಅದರಿಂದ ಕಂಪ್ಯೂಟರ್ ಶುರುವಾಗುವುದು.

ಅವರು ಇಳಿಸಿಕೊಂಡದ್ದು ಐಎಸ್‌ಒ ಫೈಲು, ಅಂದರೆ ಇಡೀ ಡಿಸ್ಕನ್ನೇ ಒಂದು ಫೈಲಾಗಿ ಕಟ್ಟಿಟ್ಟದ್ದು. ಅದನ್ನು ಸುಮ್ನೆ ಕಾಪಿ ಮಾಡಿದರೆ ಯಾಕೆ ಆಗುವುದಿಲ್ಲ? ಇದನ್ನು ಸರಿಯಾಗಿ ಹೇಳಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ, ಫ್ಲಾಪಿ ಕಾಲಕ್ಕೆ ಹೋಗಬೇಕು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರಬಿಟ್ಟಾಗ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. 1993ರಲ್ಲಿ ಶುರುವಾದ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ಬಗೆ, ಮರುವರ್ಷ 2.1 ಆವೃತ್ತಿಯ ಹೊತ್ತಿಗೆ 73 ಫ್ಲಾಪಿಗಳಷ್ಟು ಬೆಳೆದಿತ್ತು. ಇವನ್ನು ಬರೆಯಲು ಡಾಸ್‌ನಲ್ಲಿ ರಾರೈಟ್ ಎಂಬ ಪ್ರೋಗ್ರಾಮು ಇತ್ತು, ಯುನಿಕ್ಸ್‌ನಲ್ಲಿ ಡಿಡಿ ಇತ್ತು. ಎರಡೂ ಫೈಲನ್ನು ಕಾಪಿ ಮಾಡುತ್ತಿರಲಿಲ್ಲ. ಡಿಸ್ಕಿನ ಮೊದಲ ಬೈಟಿನಿಂದ ಹಿಡಿದು ಒಂದೊಂದನ್ನೂ ಇದ್ದ ಹಾಗೇ ಅಚ್ಚೊತ್ತುತ್ತಿದ್ದವು.

ಕಾರಣ ಇಷ್ಟೇ. ಕಂಪ್ಯೂಟರ್ ಆನ್ ಆದಾಗ ಮೊದಲು ಎಚ್ಚರವಾಗುವ ಪ್ರೋಗ್ರಾಮಾದ ಹಳೆಯ ಬಯಾಸ್‌ಗೆ ಫೈಲು, ಫೋಲ್ಡರ್ ಅಂದರೆ ಏನೂ ಗೊತ್ತಿರುವುದಿಲ್ಲ. ಡಿಸ್ಕಿನ ಮೊದಲ 512 ಬೈಟನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅದರ ಕೊನೆಯ ಎರಡು ಬೈಟು 55 ಮತ್ತು ಎಎ ಆಗಿದ್ದರೆ, 'ಇದು ಬೂಟ್ ಆಗುವ ಡಿಸ್ಕು' ಅಂತ ನಂಬಿ, ಅಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಕೆಲಸ ಒಪ್ಪಿಸುತ್ತದೆ. ಉಳಿದದ್ದನ್ನೆಲ್ಲ ಎಳೆದು ತರುವುದು ಆ ಪುಟ್ಟ ಪ್ರೋಗ್ರಾಮಿನ ಕೆಲಸ. ಐಎಸ್‌ಒವನ್ನು ಕಾಪಿ ಮಾಡಿದರೆ ಆ ಪ್ರೋಗ್ರಾಮೂ ಫೈಲಿನ ಹೊಟ್ಟೆಯೊಳಗೇ ಉಳಿಯುತ್ತದೆ. ಕೀಲಿಕೈಯನ್ನು ಮನೆಯೊಳಗೇ ಬಿಟ್ಟು ಬೀಗ ಜಡಿದ ಹಾಗೆ.

ನಮ್ಮ ಕಡೆ ಫ್ಲಾಪಿಗೆ ಇನ್ನೊಂದು ಶತ್ರುವೂ ಇತ್ತು, ಬೂಷ್ಟು. ಆಗುಂಬೆ, ಹುಲಿಕಲ್ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದಿರುವಾಗ ಚಪ್ಪಲಿಗೆ ಬರುವ ಬೂಷ್ಟು ಡಿಸ್ಕಿಗೂ ಬರುತ್ತದೆ. 73ರಲ್ಲಿ ಒಂದು ಕೆಟ್ಟರೂ ಕೆಲಸ ಅಲ್ಲಿಗೇ ನಿಂತಿತು. ಅಕ್ಕಿ ಡಬ್ಬಿಯಲ್ಲಿ ಡಿಸ್ಕ್ ಇಟ್ಟು ಕಾಪಾಡಿದ ಮನೆಗಳನ್ನು ನಾನು ನೋಡಿದ್ದೇನೆ.

ಸಿಡಿ ಬಂದ ಮೇಲೆ ಉಸಿರು ಬಂತು. ಫೀನಿಕ್ಸ್ ಮತ್ತು ಐಬಿಎಂ ಸೇರಿ 1995ರಲ್ಲಿ ಎಲ್ ಟೊರಿಟೊ ಎಂಬ ನಿಯಮ ತಂದು, ಸಿಡಿಯಿಂದಲೇ ಬೂಟ್ ಆಗುವ ದಾರಿ ಮಾಡಿದವು. ಪಿಸಿಕ್ವೆಸ್ಟ್, ಆಮೇಲೆ ಲಿನಕ್ಸ್ ಫಾರ್ ಯೂ ಪತ್ರಿಕೆಗಳ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು. ಶಿವಮೊಗ್ಗದಲ್ಲಿ ಯಾರೋ ಒಬ್ಬರು ಪತ್ರಿಕೆ ಕೊಂಡರೆ ಸಾಕು, ಕಾಲೇಜು ಹುಡುಗರ ಕೈಯಲ್ಲಿ ಅದು ಹತ್ತು ಸಿಡಿ ಆಗುತ್ತಿತ್ತು. ತೀರ್ಥಹಳ್ಳಿಯ ಗೆಳೆಯನಿಗೆ ಬೇಕಾದರೆ ಬಸ್ಸಿನವರ ಕೈಯಲ್ಲಿ ಕೊಟ್ಟರೆ ಆಯಿತು. ಗಾಜನೂರು, ಮಂಡಗದ್ದೆ ದಾಟಿ ಸಂಜೆಯೊಳಗೆ ತಲುಪುತ್ತಿತ್ತು. ಇದರಲ್ಲಿ ಕದ್ದದ್ದು ಏನೂ ಇರಲಿಲ್ಲ. ಕಾಪಿ ಮಾಡಿ ಹಂಚಿ ಅಂತ ಲೈಸೆನ್ಸೇ ಹೇಳುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಆ ಸಾಲು ಓದಿ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಉಬುಂಟು ಎಂಬ ಇನ್ನೊಂದು ಲಿನಕ್ಸ್ ಬಗೆ 2004ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರ ಶಿಪ್‌ಇಟ್ ಯೋಜನೆಯಲ್ಲಿ ವಿಳಾಸ ಬರೆದು ಕಳಿಸಿದರೆ ಸಿಡಿ ಅಂಚೆಯಲ್ಲಿ ಪುಕ್ಕಟೆ ಬರುತ್ತಿತ್ತು. ಅಡಿಕೆ ತೋಟದ ನಡುವಿನ ಮನೆಗೆ ವಿದೇಶದ ಲಕೋಟೆ ತಂದ ಪೋಸ್ಟ್‌ಮ್ಯಾನ್ ಅದರೊಳಗೆ ಏನಿದೆ ಅಂತ ನೋಡಿಯೇ ಹೋಗಿದ್ದರು. 2011ರ ಏಪ್ರಿಲ್‌ನಲ್ಲಿ ಆ ಯೋಜನೆ ಮುಗಿಯಿತು. ಇಂಟರ್ನೆಟ್ ಎಲ್ಲ ಕಡೆ ಬಂತು ಅನ್ನುವ ಲೆಕ್ಕ. ಮಲೆನಾಡಿನ ಮಟ್ಟಿಗೆ ಅದು ಸ್ವಲ್ಪ ಬೇಗ ಆಯಿತು ಅಂತಲೇ ನನ್ನ ಅಭಿಪ್ರಾಯ.

ಆಗ ನಮ್ಮನೆಯ ಬ್ರಾಡ್‌ಬ್ಯಾಂಡ್ 256 ಕೆಬಿಪಿಎಸ್. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿದರೂ ದುಡ್ಡಿಲ್ಲ ಅನ್ನುವ ಪ್ಲಾನು. ಆರು ಗಂಟೆ ಒಂದು ನಿಮಿಷವೂ ನಿಲ್ಲದೆ ಇಳಿದರೆ 690 ಎಂಬಿ. ಅಂದರೆ ಸರಿಯಾಗಿ ಒಂದು ಸಿಡಿ! ಆದರೆ ನಡುವೆ ಎಲ್ಲೋ ಲೈನಿನ ಮೇಲೆ ಮರ ಬೀಳುತ್ತಿತ್ತು, ಕರೆಂಟು ಹೋಗುತ್ತಿತ್ತು. ಹೀಗೆ ಮೂರು ರಾತ್ರಿ ತುಂಡು ತುಂಡಾಗಿ ಇಳಿಸಿದ ಫೈಲನ್ನು ಸಿಡಿಗೆ ಬರೆದೆ. ಇನ್‌ಸ್ಟಾಲ್ 62 ಪರ್ಸೆಂಟಿಗೆ ನಿಂತಿತು. ಎಂಡಿ5 ಅಂದರೆ ಫೈಲಿನ ಬೈಟುಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತು; ನಮ್ಮ ಫೈಲಿನದೂ ಸೈಟಿನಲ್ಲಿ ಕೊಟ್ಟದ್ದೂ ಒಂದೇ ಇರಬೇಕು. ಆ ಲೆಕ್ಕ ತಾಳೆ ನೋಡುವ ಪಾಠ ಅವತ್ತು ಕಲಿತೆ.

ಪೆನ್‌ಡ್ರೈವ್ ಅಗ್ಗವಾದ ಮೇಲೆ ಸಿಡಿಯ ಕಾಟ ತಪ್ಪಿತು. ಆದರೆ ಸಿಡಿಗೆಂದು ಮಾಡಿದ ಐಎಸ್‌ಒ ಪೆನ್‌ಡ್ರೈವ್‌ನಲ್ಲಿ ಬೂಟ್ ಆಗುತ್ತಿರಲಿಲ್ಲ. ಯುನೆಟ್‌ಬೂಟಿನ್‌ನಂಥ ಪ್ರೋಗ್ರಾಮುಗಳು ಫೈಲುಗಳನ್ನು ಬಿಚ್ಚಿ ಹೊಸದಾಗಿ ಜೋಡಿಸುತ್ತಿದ್ದವು. ಕೆಲವೊಮ್ಮೆ ಆಗುತ್ತಿತ್ತು, ಕೆಲವೊಮ್ಮೆ ಇಲ್ಲ. ನಿಜವಾದ ಪರಿಹಾರ ಬಂದದ್ದು 2008ರಲ್ಲಿ. ಸಿಡಿಯ ಐಎಸ್‌ಒ 9660 ನಿಯಮ ಮೊದಲ 32 ಕೆಬಿ ಜಾಗವನ್ನು ಬಳಸದೆ ಖಾಲಿ ಬಿಡುತ್ತದೆ. ಸಿಸ್‌ಲಿನಕ್ಸ್ ಎಂಬ ಬೂಟ್ ಪ್ರೋಗ್ರಾಮು ಬರೆದ ಎಚ್. ಪೀಟರ್ ಆನ್ವಿನ್ ಆ ಖಾಲಿ ಜಾಗಕ್ಕೇ ಪೆನ್‌ಡ್ರೈವ್‌ಗೆ ಬೇಕಾದ 512 ಬೈಟಿನ ಬೂಟ್ ಕೋಡ್ ತುಂಬಿದರು. ಅದೇ ಐಸೊಹೈಬ್ರಿಡ್. ಒಂದೇ ಫೈಲು, ಸಿಡಿ ಅಂತ ಓದಿದರೆ ಸಿಡಿ, ಡಿಸ್ಕ್ ಅಂತ ಓದಿದರೆ ಡಿಸ್ಕ್. ಎಷ್ಟು ಚಂದದ ಯೋಚನೆ ಅಲ್ವಾ?

ಅಲ್ಲಿಂದ ಮುಂದೆ ಹಳೆಯ ಡಿಡಿ ವಿಧಾನವೇ ಮತ್ತೆ ಸಾಕಾಯಿತು. 2011ರಲ್ಲಿ ರೂಫಸ್, 2016ರಲ್ಲಿ ಎಚರ್ ಬಂದು ಅದನ್ನು ಎರಡು ಕ್ಲಿಕ್ಕಿನ ಕೆಲಸ ಮಾಡಿದವು. ಒಂದು ಭಯ ಮಾತ್ರ ಉಳಿಯಿತು. ಹೀಗೆ ಬರೆದ ಮೇಲೆ ವಿಂಡೋಸ್‌ನಲ್ಲಿ 16 ಜಿಬಿ ಪೆನ್‌ಡ್ರೈವ್ ಬರೀ ಕೆಲವು ಎಂಬಿಯಷ್ಟೇ ಕಾಣುವುದುಂಟು. ಕೆಟ್ಟುಹೋಯಿತು ಅಂತ ಬಿಸಾಡಬೇಡಿ. ಮತ್ತೆ ಪಾರ್ಟಿಷನ್ ಮಾಡಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ವಾಪಸ್ ಸಿಗುತ್ತದೆ. ನಡುವೆ 2012ರಲ್ಲಿ ವಿಂಡೋಸ್ 8 ಜೊತೆ, ಒಪ್ಪಿತ ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ಬಂದು ಹೊಸ ತಲೆನೋವಾಯಿತು. ಶಿಮ್ ಎಂಬ ಸಹಿ ಇರುವ ಸಣ್ಣ ಲೋಡರ್ ಅದನ್ನು ಬಗೆಹರಿಸಿತು.

2020ರಲ್ಲಿ ವೆಂಟಾಯ್ ಎಂಬ ಪ್ರೋಗ್ರಾಮು ಬಂತು. ಪೆನ್‌ಡ್ರೈವ್‌ಗೆ ಅದನ್ನು ಒಮ್ಮೆ ಹಾಕಿಟ್ಟರೆ ಆಮೇಲೆ ಐಎಸ್‌ಒಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು. ಬೂಟ್ ಕೋಡ್ ಮೊದಲೇ ಬಾಗಿಲಲ್ಲಿ ಕೂತು, ಒಳಗಿನ ಐಎಸ್‌ಒವನ್ನು ತಾನೇ ತೆರೆಯುತ್ತದೆ. ಮೇಷ್ಟ್ರು ಮಾಡಿದ ತಪ್ಪೇ ಇಲ್ಲಿ ಸರಿಯಾದ ದಾರಿ!

ಆದರೆ ಯಾವ ದಾರಿ ಹಿಡಿದರೂ ತಾಳೆ ನೋಡುವುದನ್ನು ಬಿಡಬಾರದು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಬಗೆಯ ಸೈಟಿಗೆ ಕನ್ನ ಹಾಕಿ, ಡೌನ್‌ಲೋಡ್ ಕೊಂಡಿಯನ್ನೇ ಕಳ್ಳಬಾಗಿಲಿದ್ದ ಐಎಸ್‌ಒ ಕಡೆ ತಿರುಗಿಸಿದ್ದರು. ಸೈಟೇ ಕಳ್ಳರ ಕೈಗೆ ಸಿಕ್ಕರೆ ಅಲ್ಲಿರುವ ಲೆಕ್ಕವನ್ನೂ ಬದಲಿಸಬಹುದು. ಆದ್ದರಿಂದ ಜಿಪಿಜಿ ಸಹಿಯನ್ನೂ, ಅಂದರೆ ತಯಾರಿಸಿದವರೇ ತಮ್ಮ ಗುಟ್ಟಿನ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿಯನ್ನೂ ನೋಡಬೇಕು.

ಮೇಷ್ಟ್ರಿಗೆ ಫೋನಿನಲ್ಲೇ, ಎಂಡಿ5ನಂಥದ್ದೇ ಆದ ಎಸ್‌ಎಚ್‌ಎ256 ಲೆಕ್ಕ ತೆಗೆಸಿದೆ. 64 ಅಕ್ಷರ. ಒಂದೊಂದೇ ಓದಿ ಅಂದೆ. ಮೂರನೆಯ ಅಕ್ಷರಕ್ಕೇ ತಪ್ಪಿತು. ಅವರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕಿಟಕಿ ಹತ್ತಿರ ಮಾತ್ರ. ಇನ್ನೆರಡು ರಾತ್ರಿ ಕೂರಿ ಅನ್ನಲು ಮನಸ್ಸಾಗಲಿಲ್ಲ. ನನ್ನದೇ ಒಂದು ಪೆನ್‌ಡ್ರೈವ್‌ಗೆ ವೆಂಟಾಯ್ ಹಾಕಿದೆ. ಡೆಬಿಯನ್‌ನ ಚಿಕ್ಕ ಐಎಸ್‌ಒ ಆದ ನೆಟ್‌ಇನ್‌ಸ್ಟ್ ಬೇಡ, ಅದು ಹೆಚ್ಚಿನ ಪಾಲನ್ನು ನೆಟ್‌ನಿಂದಲೇ ಎಳೆಯುತ್ತದೆ ಅಂತ ಡೆಬಿಯನ್‌ನ ದೊಡ್ಡ ಡಿವಿಡಿ ಐಎಸ್‌ಒ ತುಂಬಿಸಿದೆ. 2023ರ ಡೆಬಿಯನ್ 12ರಿಂದ ವೈಫೈ ಚಿಪ್ ನಡೆಯಲು ಬೇಕಾದ ಸಣ್ಣ ಪ್ರೋಗ್ರಾಮು, ಅಂದರೆ ಫರ್ಮ್‌ವೇರ್ ಕೂಡ ಅದರಲ್ಲೇ ಬರುತ್ತದೆ. ಹಳೆ ಇನ್ಲೆಂಡ್ ಕವರಿನಲ್ಲಿ ಸುತ್ತಿ, ಮೇಲೆ ಹೆಸರು ಬರೆದು, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ.

ಸಂಜೆ ನಾಲ್ಕಕ್ಕೆ ಫೋನ್ ಬಂತು. "ಭಾಷೆ ಕೇಳ್ತಿದೆ. ಪಟ್ಟಿಯಲ್ಲಿ ಕನ್ನಡ ಅಂತಾನೂ ಇದೆ. ಅದನ್ನೇ ಒತ್ತಲಾ?"

ಒತ್ತಿ ಅಂದೆ.